‘ಸಮ್ಮರ್ ಇನ್ ದ ಸಿಟಿ’: ಬೀದಿಯ ಸದ್ದೇ ವಾದ್ಯವಾದ ಹಾಡು

‘ಸಮ್ಮರ್ ಇನ್ ದ ಸಿಟಿ’ ನ್ಯೂಯಾರ್ಕಿನ ‘ದ ಲವಿನ್ ಸ್ಪೂನ್‌ಫುಲ್’ ತಂಡದ ಹಾಡು. 1966ರ ಜುಲೈನಲ್ಲಿ ಬಿಡುಗಡೆಯಾಯಿತು; ಆಗಸ್ಟ್‌ನಲ್ಲಿ ಮೂರು ವಾರ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಆ ಬೇಸಿಗೆ ನ್ಯೂಯಾರ್ಕಿನಲ್ಲಿ ಬಿಸಿಲು ವಿಪರೀತವಾಗಿತ್ತು. ಜುಲೈ 3ರಂದು ಸೆಂಟ್ರಲ್ ಪಾರ್ಕ್‌ನಲ್ಲಿ ಉಷ್ಣಾಂಶ 103 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 39 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಹಾಡಿನ ಧ್ವನಿಮುದ್ರಣ ಮಾತ್ರ ಬೇಸಿಗೆಗೆ ಮೊದಲೇ ಮುಗಿದಿತ್ತು.

ರಚನೆಯಲ್ಲಿ ಮೂವರ ಪಾಲಿದೆ. ತಂಡದ ಗಾಯಕ ಜಾನ್ ಸೆಬಾಸ್ಟಿಯನ್‌ನ ತಮ್ಮ ಮಾರ್ಕ್ ಹದಿಹರೆಯದಲ್ಲಿ ಇದರ ಮೂಲರೂಪವನ್ನು ಬರೆದ. ಅದರ ಪಲ್ಲವಿ ಅಣ್ಣನಿಗೆ ಹಿಡಿಸಿತು, ಚರಣ ತೀರಾ ಮೆತ್ತಗೆನಿಸಿತು. ಆದ್ದರಿಂದ ಜಾನ್ ಬಿರುಸಾದ ಹೊಸ ಚರಣ ಕಟ್ಟಿದ. ನಡುವಿನ ವಾದ್ಯಸಂಗೀತ ಬಾಸ್ ವಾದಕ ಸ್ಟೀವ್ ಬೂನ್‌ನದು.

ಹಾಡಿನ ಜೀವಾಳ ಹಗಲು–ರಾತ್ರಿಗಳ ಭೇದ. ಚರಣದಲ್ಲಿ ಹಗಲಿನ ಧಗೆ, ಕಾದ ಕಾಲುದಾರಿ, ಸೋತ ಜನ; ಇದು ಮೈನರ್ ಶ್ರುತಿಯಲ್ಲಿದೆ, ಸ್ವರಗಳು ಮೆಟ್ಟಿಲಿಳಿದಂತೆ ಕೆಳಕ್ಕಿಳಿಯುತ್ತವೆ. ಪಲ್ಲವಿಯಲ್ಲಿ ಇರುಳು, ಕುಣಿತ, ಗೆಳತಿಯ ಹುಡುಕಾಟ. ಶ್ರುತಿ ಮೇಜರ್‌ಗೆ ಹೊರಳಿ ಬಿಗುವು ಸಡಿಲಗೊಳ್ಳುತ್ತದೆ. ಚರಣ ಅಷ್ಟು ಬಿಗಿಯಾಗಿರುವುದರಿಂದಲೇ ಪಲ್ಲವಿ ಹಗುರವೆನಿಸುತ್ತದೆ.

ಧ್ವನಿಮುದ್ರಣ ನಡೆದದ್ದು ನ್ಯೂಯಾರ್ಕಿನ ಕೊಲಂಬಿಯಾ ಸ್ಟುಡಿಯೊದಲ್ಲಿ. ನಿರ್ಮಾಪಕ ಎರಿಕ್ ಜೇಕಬ್‌ಸನ್. ಧ್ವನಿ ಎಂಜಿನಿಯರ್ ರಾಯ್ ಹೇಲಿ. ಡ್ರಮ್ಮಿನ ಹೊಡೆತಕ್ಕೆ ಗುಡುಗಿನ ಗಾತ್ರ ಬೇಕಾಗಿತ್ತು. ಅದಕ್ಕಾಗಿ ಕಟ್ಟಡದ ಮೆಟ್ಟಿಲುಗಳಿರುವ ಜಾಗದಲ್ಲಿ ಹುಟ್ಟುವ ಪ್ರತಿಧ್ವನಿಯನ್ನು ಹಿಡಿದು ಬಳಸಲಾಯಿತು.

ನಡುವಿನ ಭಾಗದಲ್ಲಿ ವಾದ್ಯಗಳ ಜೊತೆ ಕಾರುಗಳ ಹಾರನ್, ರಸ್ತೆ ಅಗೆಯುವ ಡ್ರಿಲ್ಲಿನ ಗಡಗಡ ಸದ್ದು ಕೇಳುತ್ತವೆ. ಬೂನ್ ರಚಿಸಿದ ತುಣುಕು ಜಾರ್ಜ್ ಗರ್ಶ್‌ವಿನ್‌ನ ‘ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್’ ಕೃತಿಯನ್ನು ನೆನಪಿಸಿದ್ದೇ ಇದಕ್ಕೆ ಪ್ರೇರಣೆ. 1928ರ ಆ ಕೃತಿಯಲ್ಲಿ ವಾದ್ಯವೃಂದದ ನಡುವೆ ಟ್ಯಾಕ್ಸಿ ಹಾರನ್‌ಗಳಿವೆ. ಸದ್ದುಗಳನ್ನು ಆರಿಸಲು ರೇಡಿಯೊ ನಾಟಕಗಳ ಕಾಲದ ಅನುಭವಿ ಧ್ವನಿತಜ್ಞರೊಬ್ಬರ ನೆರವು ಪಡೆಯಲಾಯಿತು. ಬಾನುಲಿ ನಾಟಕದ ಕಸುಬು ಹೀಗೆ ರಾಕ್ ಸಂಗೀತಕ್ಕೆ ಒದಗಿಬಂತು.

1973ರಲ್ಲಿ ಕ್ವಿನ್ಸಿ ಜೋನ್ಸ್ ಈ ಹಾಡಿನ ವೇಗ ತಗ್ಗಿಸಿ ಜಾಝ್ ಧಾಟಿಗೆ ಹೊಂದಿಸಿದರು. ಆ ವಾದ್ಯಸಂಯೋಜನೆಗೆ ಗ್ರ್ಯಾಮಿ ಪ್ರಶಸ್ತಿ ಬಂತು. 1995ರ ‘ಡೈ ಹಾರ್ಡ್ ವಿತ್ ಎ ವೆಂಜೆನ್ಸ್’ ಚಿತ್ರ ನ್ಯೂಯಾರ್ಕಿನ ಬೀದಿದೃಶ್ಯಗಳೊಡನೆ ತೆರೆದುಕೊಳ್ಳುವುದು ಮೂಲ ಹಾಡಿನಿಂದಲೇ. ಮೂರು ನಿಮಿಷವೂ ಇಲ್ಲದ ಈ ಹಾಡಿನಲ್ಲಿ ಬೀದಿಯ ಗದ್ದಲ ಬರಿಯ ಅಲಂಕಾರವಲ್ಲ; ಗಿಟಾರ್, ಡ್ರಮ್ಮುಗಳಷ್ಟೇ ಅಗತ್ಯವಾದ ವಾದ್ಯ.