ರೆಕ್ಕೆಯ ನೆರಳು

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಅಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಿಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಮರಿಗಳ ಚಿತ್ರ ತೆಗೆಯಬೇಕೆಂಬ ಆಸೆಯಿಂದ ನಾನೊಮ್ಮೆ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ, ಮರದ ಪಕ್ಕದ ಮಾಳಿಗೆಯನ್ನೇರಿ ಕ್ಯಾಮೆರಾ ಹೂಡಿದೆ. ಕಾವಲಿದ್ದ ಹಕ್ಕಿ ಬೆದರಿ ಹಾರಿತು. ಮರಿಗಳು ನಿಚ್ಚಳವಾಗಿ ಕಂಡವು. ನಾನು ಹಿಗ್ಗಿದೆ.

ಕೆಳಗಿನಿಂದ ಮನೆಯ ಮುದುಕಿ ಕೂಗಿದಳು: “ಇಳೀರಪ್ಪ, ಕೂಸ್‌ಗೆ ಬಿಸ್ಲು ಬೀಳ್ತದೆ!”

ಪುಕ್ಕ ಬಲಿಯದ ಮರಿಗಳಿಗೆ ತಂದೆಯೋ ತಾಯಿಯೋ ರೆಕ್ಕೆ ಹರಡಿ ನೆರಳಾಗಿ ನಿಲ್ಲುತ್ತದೆ. ಅದನ್ನು ಓಡಿಸಿದರೆ ಬಿಸಿಲೂ ಕಾಗೆಯೂ ಕಾದೇ ಇರುತ್ತವೆ. ಪುಸ್ತಕದಲ್ಲಿ ಓದಿದ್ದ ನಾನು ಮರೆತಿದ್ದೆ. ಓದದ ಆಕೆ ಮರೆತಿರಲಿಲ್ಲ.

ಇಳಿದು ದೂರದ ಜಗಲಿಯಲ್ಲಿ ಕುಳಿತೆ. ಬಹಳ ಹೊತ್ತಿನ ಮೇಲೆ ಹಕ್ಕಿ ಮರಳಿ ರೆಕ್ಕೆ ಬಿಚ್ಚಿತು. ಆಗ ತೆಗೆದ ಚಿತ್ರದಲ್ಲಿ ಮರಿಗಳು ಕಾಣುವುದಿಲ್ಲ. ನೆರಳು ಮಾತ್ರ ಕಾಣುತ್ತದೆ. ನಾನು ಸಂಕೋಚವಿಲ್ಲದೆ ತೋರಿಸಬಲ್ಲ ಚಿತ್ರ ಅದೊಂದೇ.