ಕೋಳಿಯನ್ನು ಕೇಳಿ

ಕೋಳಿಯನ್ನು ಕೇಳಿ ಮಸಾಲೆ ಅರೆಯುವುದುಂಟೆ ಎಂಬುದು ನಮ್ಮಲ್ಲಿ ಬಹಳ ಹಳೆಯ ಗಾದೆ. ದುರ್ಬಲರ ಅಭಿಪ್ರಾಯಕ್ಕೆ ಬೆಲೆಯಿಲ್ಲದ ಲೋಕವ್ಯವಹಾರವನ್ನು ಕುರಿತ ಮಾತು ಅದು. ಆದರೆ ಹಿತ್ತಿಲಿನಲ್ಲಿ ನಾಲ್ಕು ಕೋಳಿ ಸಾಕಿಕೊಂಡವರಿಗೆ ಅದರ ವಾಚ್ಯಾರ್ಥವೂ ಮುಖ್ಯವೇ. ಚೆನ್ನಾಗಿ ಮೇಯುತ್ತ, ಚುರುಕಾಗಿ ಓಡಾಡುತ್ತಿರುವ ಹೇಂಟೆ ಇದ್ದಕ್ಕಿದ್ದಂತೆ ಮೊಟ್ಟೆ ನಿಲ್ಲಿಸಿದರೆ ಮನೆಯವರು ಒಂದು ವಾರ ಕಾಯುತ್ತಾರೆ. ಎರಡನೆಯ ವಾರ ಮಸಾಲೆಯ ಪ್ರಸ್ತಾಪ ಬರುತ್ತದೆ. ಅರೆಯುವ ಮೊದಲು ಕೋಳಿಯನ್ನು ಕೇಳಬಹುದು, ಅದು ಉತ್ತರವನ್ನೂ ಕೊಡುತ್ತದೆ ಎಂದು ತಿಳಿಸುವುದೇ ನನ್ನ ಉದ್ದೇಶ. ಹಳಗನ್ನಡ ಪಾಠ ಹೇಳಿದವನಿಗೆ ಕೋಳಿಯ ಉಸಾಬರಿ ಏಕೆಂದು ಕೇಳುಗರು ನಕ್ಕಾರು. ನಿವೃತ್ತಿಯಾದ ಮೇಲೆ ಹಿತ್ತಿಲಿರುವ ಮನೆಗೆ ಬಂದುದೇ ಅದಕ್ಕೆ ಕಾರಣ.

ಮೊಟ್ಟೆ ಎಂಬುದು ಪುಕ್ಕಟೆಯಾಗಿ ಬರುವ ವಸ್ತುವಲ್ಲ. ಹೇಂಟೆಯ ಒಡಲಲ್ಲಿ ಒಂದು ಮೊಟ್ಟೆ ಸಿದ್ಧವಾಗಲು ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆಯಷ್ಟು ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಬೇಕು. ಒಳಗಿನದರಲ್ಲಿ ಮುಕ್ಕಾಲು ಪಾಲು ನೀರು. ಬರಿಯ ಅಕ್ಕಿನುಚ್ಚನ್ನು ತಿಂದ ಕೋಳಿ ಇದನ್ನೆಲ್ಲ ಎಲ್ಲಿಂದ ತಂದೀತು? ಬೇಸಗೆಯಲ್ಲಂತೂ ಕಷ್ಟ ಇಮ್ಮಡಿ. ಕೋಳಿಗೆ ಬೆವರಿಲ್ಲ, ಕೊಕ್ಕು ತೆರೆದು ಏದುಸಿರು ಬಿಟ್ಟೇ ಅದು ಮೈಯನ್ನು ತಂಪು ಮಾಡಿಕೊಳ್ಳಬೇಕು. ಸೆಖೆಗೆ ಮೇವು ಕಡಿಮೆಯಾಗುತ್ತದೆ, ಮೊಟ್ಟೆಯೂ ಕಡಿಮೆಯಾಗುತ್ತದೆ. ನೆರಳು, ತಣ್ಣೀರು, ಒಣಗಿಸಿ ಪುಡಿಮಾಡಿದ ಮೊಟ್ಟೆಯ ಚಿಪ್ಪು, ಒಂದಿಷ್ಟು ಹಿಂಡಿ, ಇವಿಷ್ಟರಿಂದಲೇ ಎಷ್ಟೋ ಕೋಳಿಗಳು ದಾರಿಗೆ ಬರುತ್ತವೆ.

ಎರಡನೆಯ ಕಾರಣ ಬೆಳಕು. ಕೋಳಿ ಬೆಳಕನ್ನು ಕಣ್ಣಿನಿಂದ ಮಾತ್ರವಲ್ಲ, ತಲೆಬುರುಡೆಯ ಮೂಲಕ ಮಿದುಳಿನಲ್ಲಿಯೂ ಗ್ರಹಿಸುತ್ತದೆ. ಹಗಲು ಹಿಗ್ಗಿದರೆ ಅಂಡಾಶಯ ಎಚ್ಚರಗೊಳ್ಳುತ್ತದೆ, ಕುಗ್ಗಿದರೆ ವಿಶ್ರಮಿಸುತ್ತದೆ. ಶೀತದೇಶಗಳಲ್ಲಿ ಚಳಿಗಾಲದಲ್ಲಿ ಕೋಳಿಗಳು ತಿಂಗಳುಗಟ್ಟಲೆ ಸುಮ್ಮನಾಗುವುದು ಹೀಗೆ. ನಮ್ಮ ಬೆಂಗಳೂರಿನಲ್ಲಿ ಡಿಸೆಂಬರಿನ ಹಗಲು ಸುಮಾರು 11 ಗಂಟೆ 20 ನಿಮಿಷ, ಜೂನಿನದು 13 ಗಂಟೆಗೆ ತುಸು ಕಡಿಮೆ. ವ್ಯತ್ಯಾಸ ದೊಡ್ಡದಲ್ಲ, ಆದ್ದರಿಂದ ನಮ್ಮಲ್ಲಿ ಎಲ್ಲ ತಪ್ಪನ್ನೂ ಚಳಿಗಾಲದ ಮೇಲೆ ಹೊರಿಸುವಂತಿಲ್ಲ.

ಮೂರನೆಯದು ಗರಿ ಉದುರಿಸುವ ಕಾಲ. ಗರಿಯೆಂದರೆ ಬಹುಪಾಲು ಸಸಾರಜನಕವೇ, ಅಂದರೆ ಪ್ರೋಟೀನೇ. ಹಳೆಯ ಉಡುಪನ್ನು ಕಳಚಿ ಹೊಸದನ್ನು ನೇಯ್ದುಕೊಳ್ಳುವ ಎರಡು ಮೂರು ತಿಂಗಳು ಹೇಂಟೆ ತನ್ನ ಗಳಿಕೆಯನ್ನೆಲ್ಲ ಅದಕ್ಕೇ ಸುರಿಯುತ್ತದೆ. ಅಂಗಳದ ತುಂಬ ಪುಕ್ಕ ಬಿದ್ದಿದ್ದರೆ ಕೋಳಿ ತನ್ನ ಉತ್ತರವನ್ನು ಬರೆದೇ ಕೊಟ್ಟಿದೆಯೆನ್ನಬೇಕು.

ನಾಲ್ಕನೆಯದು ಕಾವು. ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆಯಿಟ್ಟು ಕಾವಿಗೆ ಕೂರುವುದು ಅದರ ಕುಲಧರ್ಮ. ಆಗ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿ ಅಂಡಾಶಯವನ್ನು ತಡೆಹಿಡಿಯುತ್ತದೆ. ಕನ್ನಡದ ‘ಕಾಯು’ ಎಂಬ ಧಾತುವಿಗೆ ಬಿಸಿಯಾಗು, ರಕ್ಷಿಸು, ನಿರೀಕ್ಷಿಸು ಎಂಬ ಮೂರು ಅರ್ಥಗಳಿವೆಯೆಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಆ ಮೂರನ್ನೂ ಏಕಕಾಲದಲ್ಲಿ ಮಾಡುವ ಜೀವವನ್ನು ಹಿತ್ತಿಲಿನಲ್ಲಿ ಕಂಡೆ. 21 ದಿನ ಅದು ಹೊಟ್ಟೆಗೂ ಸರಿಯಾಗಿ ತಿನ್ನದೆ ಕೂರುತ್ತದೆ. ಮೊಟ್ಟೆಯ ಕಾರ್ಖಾನೆಗೆಂದು ಬೆಳೆಸಿದ ಲೆಗ್‌ಹಾರ್ನ್ ತಳಿಯಲ್ಲಿ ಮನುಷ್ಯ ಈ ಗುಣವನ್ನೇ ಬಹುಮಟ್ಟಿಗೆ ಅಳಿಸಿ, ವರ್ಷಕ್ಕೆ 300ರಷ್ಟು ಮೊಟ್ಟೆ ಪಡೆಯುತ್ತಿದ್ದಾನೆ.

ಇನ್ನು, ನಿಲ್ಲಿಸದೆಯೇ ನಿಲ್ಲಿಸಿದಂತೆ ತೋರುವ ಕೋಳಿಯ ಸಂಗತಿ. ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸಿನದೊಂದು ಹೇಂಟೆ. ಅದರ ಮೊಟ್ಟೆ ನಮ್ಮ ಬೀದಿಯ ಮೂರು ಮನೆಗೆ ಹೋಗಿ, ಆ ಹಣ ಅವಳ ಮಗಳ ಪುಸ್ತಕಕ್ಕಾಗುತ್ತಿತ್ತು. ಮೊಟ್ಟೆ ನಿಂತಿತು. “ನಮ್ಮತ್ತೆ ಈ ಭಾನುವಾರಕ್ಕೆ ಅಂತ ಹೇಳ್ಬಿಟ್ಟವ್ರೆ ಸಾರ್” ಎಂದು ಅವಳು ಕಣ್ಣೊರೆಸಿಕೊಂಡಳು. ನೆರೆಯ ನಿವೃತ್ತ ಪಶುವೈದ್ಯರೊಬ್ಬರು ನನಗೆ ಹೇಳಿಕೊಟ್ಟ ಪರೀಕ್ಷೆಯೊಂದಿತ್ತು. ಮೊಟ್ಟೆಯಿಡುವ ಕೋಳಿಯ ಜುಟ್ಟು ಕೆಂಪಗೆ ತುಂಬಿಕೊಂಡಿರುತ್ತದೆ; ಬಾಲದ ಕೆಳಗಿನ ಎರಡು ಎಲುಬುಗಳ ನಡುವೆ ಎರಡು ಮೂರು ಬೆರಳು ಹಿಡಿಸುತ್ತವೆ. ಮೊಟ್ಟೆ ನಿಂತ ಕೋಳಿಯಲ್ಲಿ ಜುಟ್ಟು ಕಳೆಗುಂದಿ, ಎಲುಬುಗಳು ಹತ್ತಿರ ಬಂದಿರುತ್ತವೆ. ಈ ಕೋಳಿಯ ಜುಟ್ಟು ದಾಸವಾಳದಂತಿತ್ತು. ಅವಳ ಮೂರು ಬೆರಳು ಸಲೀಸಾಗಿ ಹಿಡಿದವು. ಹಾಗಾದರೆ ಮೊಟ್ಟೆ ಎಲ್ಲಿ? ಮರುದಿನ ಕೋಳಿಯನ್ನು ಮಂಕರಿಯಡಿಯಲ್ಲಿ ಮುಚ್ಚಿಟ್ಟಳು. ಹತ್ತು ಗಂಟೆಯ ಹೊತ್ತಿಗೆ ಅಲ್ಲೇ ಒಂದು ಮೊಟ್ಟೆ! ಆಮೇಲೆ ಹುಡುಕಿದರೆ ಪಕ್ಕದ ಖಾಲಿ ನಿವೇಶನದಲ್ಲಿ, ತೆಂಗಿನ ಸೋಗೆಯ ರಾಶಿಯ ಹಿಂದೆ ಇನ್ನೂ ಹನ್ನೊಂದು. ಹೊಂಚುಹಾಕುವ ಕೇರೆಹಾವು, ಮುಂಗುಸಿಗಳ ಪಾಲಿಗೆ ಹೋಗದೆ ಉಳಿದಿದ್ದವು. ಆ ಭಾನುವಾರ ಅತ್ತೆಗೆ ಬಸ್ಸಾರೇ ಗತಿಯಾಯಿತು.

ಕೊನೆಯ ಕಾರಣ ಮುಪ್ಪು. ಮೊದಲ ವರ್ಷದ ಹುರುಪು ಮುಂದಿನ ವರ್ಷಗಳಲ್ಲಿ ಇರುವುದಿಲ್ಲ; ವರ್ಷದಿಂದ ವರ್ಷಕ್ಕೆ ಮೊಟ್ಟೆ ಇಳಿಯುತ್ತದೆ. ಇದಕ್ಕೆ ಮದ್ದಿಲ್ಲ. ಆಗ ಕೋಳಿಯನ್ನು ಏನು ಮಾಡಬೇಕೆಂಬುದು ಆಯಾ ಮನೆಯವರ ಬಡತನ, ಸಿರಿತನ, ಮಮತೆಗಳಿಗೆ ಬಿಟ್ಟ ವಿಷಯ. ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಕೂತು ಉಣ್ಣುತ್ತಿರುವ ನಾನು ಆ ಪ್ರಶ್ನೆಗೆ ತೀರ್ಪು ಹೇಳಿದರೆ ಪಕ್ಷಪಾತವಾದೀತು. ಮಿಕ್ಕ ಐದು ಕಾರಣಗಳಲ್ಲಿ ಯಾವುದೂ ಅಲ್ಲವೆಂದು ಖಚಿತವಾಗುವವರೆಗೆ ಮಾತ್ರ ಒರಳಿನ ಕಡೆ ನೋಡಬೇಡಿರೆಂದು ಕೇಳುಗರಲ್ಲಿ ವಿನಂತಿ.