ಕೋಡಿಮಠದ ಶಾಸನವೂ ಹಾಜರಿ ಪುಸ್ತಕವೂ



ಪದವಿ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯಗಳು ವಿಧಿಸುವ ನಿಯಮಗಳನ್ನು ಕುರಿತು ನಾನಿಂದು ನಾಲ್ಕು ಮಾತು ಆಡಬೇಕಾಗಿದೆ. ವಿಷಯ ಶುಷ್ಕವೆಂದು ನಿಮಗೆ ತೋರಿದರೆ ತಪ್ಪಲ್ಲ. ನಿಯಮಾವಳಿಯ ಪುಸ್ತಕವನ್ನು ಯಾರೂ ಸಂತೋಷಕ್ಕಾಗಿ ಓದುವುದಿಲ್ಲ. ಹಾಲ್ ಟಿಕೆಟ್ ಸಿಗದೆ ಹೋದ ದಿನ ಓದುತ್ತಾರೆ. ಆದುದರಿಂದ ಆ ಪುಸ್ತಕವನ್ನು ಸ್ವಲ್ಪ ಹೊತ್ತು ಬದಿಗಿರಿಸಿ, ನಿಮ್ಮನ್ನು ಮೊದಲು ಬಳ್ಳಿಗಾವಿಗೆ ಕರೆದೊಯ್ಯುತ್ತೇನೆ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಇಂದು ಒಂದು ಹಳ್ಳಿ. ಚಾಲುಕ್ಯರ ಕಾಲದಲ್ಲಿ ಅದು ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿತ್ತು. ಅಲ್ಲಿಯ ಕೇದಾರೇಶ್ವರ ದೇವಾಲಯವನ್ನು ಆಶ್ರಯಿಸಿ ಕಾಳಾಮುಖ ಯತಿಗಳ ಮಠವೊಂದಿತ್ತು. ಅದರ ಹೆಸರು ಕೋಡಿಮಠ. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಈ ಮಠವನ್ನು ಬಣ್ಣಿಸುತ್ತದೆ. ಬಿ. ಎಲ್. ರೈಸರು ತಮ್ಮ ಶಾಸನ ಸಂಪುಟಗಳ ಏಳನೆಯದರಲ್ಲಿ ಅದನ್ನು ಅಚ್ಚುಮಾಡಿಸಿದ್ದಾರೆ.

ಆ ಶಾಸನ ಹೇಳುವುದೇನು? ಅಲ್ಲಿ ಸಾಂಗವಾಗಿ ನಾಲ್ಕು ವೇದಗಳ ಅಧ್ಯಯನ ನಡೆಯುತ್ತಿತ್ತು. ವ್ಯಾಕರಣದಲ್ಲಿ ಪಾಣಿನಿಯಷ್ಟೇ ಅಲ್ಲ, ಜೈನನಾದ ಶಾಕಟಾಯನನ ಗ್ರಂಥಕ್ಕೂ ಸ್ಥಾನವಿತ್ತು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಜೊತೆಗೆ ಬೌದ್ಧ ದರ್ಶನವನ್ನೂ ಹೇಳಿಕೊಡುತ್ತಿದ್ದರು. ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಗಳೂ ಇದ್ದವು. ತನಗೆ ಒಪ್ಪಿಗೆಯಾಗದ ಮತದ ಗ್ರಂಥವನ್ನೂ ಓದಿಸುವ ಶೈವಮಠವದು! ಇಷ್ಟಾದ ಮೇಲೆ ಶಾಸನ ಇನ್ನೊಂದು ಪಟ್ಟಿಯನ್ನು ಕೊಡುತ್ತದೆ: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆಲ್ಲ ಅಲ್ಲಿ ಅನ್ನ ಉಂಟು, ರೋಗಿಗಳಿಗೆ ಔಷಧ ಉಂಟು, ಸಕಲ ಜೀವಿಗಳಿಗೂ ಅದು ಅಭಯದ ಸ್ಥಾನ.

ಇನ್ನೊಂದು ಶಾಸನವನ್ನೂ ನೆನೆಯಬೇಕು. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, 945ರಲ್ಲಿ, ಒಂದು ವಿದ್ಯಾಶಾಲೆಗೆ ದತ್ತಿ ಬಿಡಲಾಯಿತು. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳು, ಉಪಾಧ್ಯಾಯರಿಗೆ ಭೂಮಿ, ದೀಪದ ಖರ್ಚಿಗೆಂದೇ ಪ್ರತ್ಯೇಕ ಭೂಮಿ. ಓದುವ ಹುಡುಗನಿಗೆ ರಾತ್ರಿ ಬೆಳಕು ಬೇಕೆಂಬುದನ್ನು ಕಲ್ಲಿನ ಮೇಲೆ ಬರೆದಿಟ್ಟವರ ವಿವೇಕ ದೊಡ್ಡದು.

ಈ ಎರಡು ಶಾಸನಗಳನ್ನು ಒಟ್ಟಿಗೆ ಓದಿದಾಗ ನನಗೆ ಒಂದು ಅಂಶ ಹೊಳೆಯಿತು. ಅವು ಕಟ್ಟುಪಾಡು ಹಾಕುವುದು ಮುಖ್ಯವಾಗಿ ಕೊಡುವವರ ಮೇಲೆ, ನಡೆಸುವವರ ಮೇಲೆ. ನಮ್ಮ ನಿಯಮಾವಳಿಯ ಪುಸ್ತಕ ಕಟ್ಟುಪಾಡು ಹಾಕುವುದು ಮುಖ್ಯವಾಗಿ ಕಲಿಯುವವನ ಮೇಲೆ.

ಹಾಗೆಂದು ಹಳೆಯದೆಲ್ಲ ಹೊನ್ನೆಂದು ನಾನು ಹೇಳಲಾರೆ. ಆ ಕಾಲದ ಶಾಸ್ತ್ರಪಾಠದ ಬಾಗಿಲು ಹೆಂಗಸರಿಗೆ ಮುಚ್ಚಿತ್ತು; ಉಳುವವರ, ನೇಯುವವರ, ಕುಲದ ಕಾರಣದಿಂದ ಹೊರಗಿಟ್ಟವರ ಮಕ್ಕಳಿಗೂ ಮುಚ್ಚಿತ್ತು. ಮಠದಲ್ಲಿ ಅನ್ನ ಎಲ್ಲರಿಗೂ ಸಿಕ್ಕಿರಬಹುದು. ಅಕ್ಷರ ಎಲ್ಲರಿಗೂ ಸಿಗಲಿಲ್ಲ. ಇಂದಿನ ನಿಯಮ ಹಾಗಲ್ಲ. ಅದು ಹುಡುಗನ ಕುಲವನ್ನು ನೋಡದೆ ಕ್ರಮಾಂಕವನ್ನು ನೋಡುತ್ತದೆ. ಉತ್ತರಪತ್ರಿಕೆಯ ಮೇಲೆ ಹೆಸರಿರಬಾರದೆಂಬ ಒಂದು ನಿಯಮ ಎಷ್ಟು ಬಡಮಕ್ಕಳನ್ನು ಕಾಪಾಡಿದೆಯೋ! ನಿಯಮವೆಂಬುದು ದೊಡ್ಡವರ ಮರ್ಜಿಯಿಂದ ಚಿಕ್ಕವರನ್ನು ರಕ್ಷಿಸಲು ಹುಟ್ಟಿದ್ದು. ಆದರೆ ಅದರ ಒಂದು ಸಾಲನ್ನು ಮಾತ್ರ ಓದಿ ಉಳಿದುದನ್ನು ಬಿಟ್ಟರೆ ಏನಾಗುತ್ತದೆ?

ಏನಾಗುತ್ತದೆಂದು ನಾನು ಬಲ್ಲೆ. ಸುಮಾರು ಮೂವತ್ತು ವರ್ಷಗಳ ಹಿಂದೆ ನಾನೊಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಎರಡನೆಯ ವರ್ಷದ ಬಿ.ಎ. ತರಗತಿಯ ಒಬ್ಬ ಹುಡುಗನ ಹಾಜರಿ ನೂರಕ್ಕೆ 71ಕ್ಕೆ ನಿಂತಿತ್ತು. ಬೇಕಾದುದು 75. ಅವನು ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ನಿಂತು, "ಸಾರ್, ಅಪ್ಪನಿಗೆ ಮೈಯಲ್ಲಿ ಹುಷಾರಿರಲಿಲ್ಲ. ನಾಟಿ ಮುಗಿಸಿ ಬರೋ ಹೊತ್ತಿಗೆ ಹೀಗಾಯ್ತು" ಎಂದ. ನಾನು, "ನಿಯಮ ನನ್ನ ಕೈಲಿಲ್ಲಪ್ಪ" ಎಂದೆ. ಅವನು ತಲೆಯಾಡಿಸಿ ಹೊರಟುಹೋದ; ವಾದಿಸಲಿಲ್ಲ. ಮರುವರ್ಷ ಅವನ ಹೆಸರು ಹಾಜರಿ ಪುಸ್ತಕದಲ್ಲಿರಲಿಲ್ಲ.

ನಾನು ಆಡಿದ ಮಾತು ಸುಳ್ಳು. ಸಕಾರಣವಿದ್ದಲ್ಲಿ ಹಾಜರಿಯ ಕೊರತೆಯನ್ನು ಮನ್ನಿಸಲು ಶಿಫಾರಸು ಮಾಡಬಹುದೆಂಬ ಸಾಲು ಅದೇ ಪುಸ್ತಕದ ಅದೇ ಪುಟದಲ್ಲಿತ್ತು. ನಾನು ಅದನ್ನು ಓದಿದ್ದೆ. ಆದರೆ ಅರ್ಜಿ ಬರೆಸಬೇಕು, ಪ್ರಾಂಶುಪಾಲರಿಗೆ ವಿವರಿಸಬೇಕು, ನಾಳೆ ಇನ್ನು ಹತ್ತು ಜನ ಬಂದಾರು! ಈ ಲೆಕ್ಕದಲ್ಲಿ ಸುಮ್ಮನಾದೆ. ನನ್ನ ಆಲಸ್ಯಕ್ಕೆ ನಿಯಮದ ಹೆಸರಿಟ್ಟೆ.

ಆ ಪುಸ್ತಕದಲ್ಲಿ ನಮ್ಮನ್ನು ಕಟ್ಟುವ ಸಾಲುಗಳೂ ಇದ್ದವು. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2003ರಲ್ಲಿ ಪ್ರಥಮ ಪದವಿಗಾಗಿ ಹೊರಡಿಸಿದ ನಿಯಮಾವಳಿಯನ್ನೇ ನೋಡಿ. ವಿದ್ಯಾರ್ಥಿಗೆ ನೂರಕ್ಕೆ 75 ಹಾಜರಿ ಬೇಕೆಂದ ನಿಯಮಾವಳಿಯೇ, ವರ್ಷದಲ್ಲಿ 180 ದಿನಕ್ಕೆ ಕಡಿಮೆಯಿಲ್ಲದೆ ಪಾಠ ನಡೆಯಬೇಕೆಂದೂ ಹೇಳಿತ್ತು. 75 ಎಂಬ ಅಂಕಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಬಾಯಿಪಾಠ. 180 ಎಂಬ ಅಂಕಿಯನ್ನು ಎಷ್ಟು ಅಧ್ಯಾಪಕರು ಬಲ್ಲರು? 2025ರಲ್ಲಿ ಅದರ ಬದಲಿಗೆ ಹೊಸ ನಿಯಮಾವಳಿ ಬಂದಿದೆ. ಪ್ರಶ್ನೆ ಮಾತ್ರ ಹಳೆಯದೇ.

ನಿಯಮಗಳು ಬದಲಾಗುವ ವೇಗವೂ ಈಗ ಹೆಚ್ಚಿದೆ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿಯ ವ್ಯವಸ್ಥೆ ಬಂತು. 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಹೀಗಾಗಿ ಒಂದೇ ಕಾಲೇಜಿನಲ್ಲಿ ಅಣ್ಣನಿಗೊಂದು ನಿಯಮ, ತಮ್ಮನಿಗೊಂದು ನಿಯಮ. ನಗರದ ಮಕ್ಕಳಿಗೆ ಕೇಳಿ ತಿಳಿಯಲು ಹತ್ತು ಮಂದಿ ಇದ್ದಾರೆ. ಶಿಕಾರಿಪುರ, ಸೊರಬದ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬರುವ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿಗೆ ಸೂಚನಾಫಲಕವೊಂದೇ ಗತಿ. ಆ ಫಲಕದ ಭಾಷೆ ಅವಳಿಗೆ ತಿಳಿಯುವ ಕನ್ನಡದಲ್ಲಿರಬೇಡವೆ? ಮೊದಲ ವಾರದಲ್ಲೇ ಒಬ್ಬ ಅಧ್ಯಾಪಕ ಕುಳಿತು, "ಇದು ನಿನ್ನ ಕರ್ತವ್ಯ, ಇದು ನಮ್ಮ ಕರ್ತವ್ಯ, ಕಷ್ಟ ಬಂದರೆ ಇಂಥ ದಾರಿ ಉಂಟು" ಎಂದು ಓದಿ ಹೇಳಬೇಡವೆ?

ನಿವೃತ್ತನಾದ ಮೇಲೆ ಒಮ್ಮೆ ಬಳ್ಳಿಗಾವಿಗೆ ಹೋಗಿದ್ದೆ. ಕೇದಾರೇಶ್ವರನ ಗುಡಿಯ ಅಂಗಳದಲ್ಲಿ ಕುಳಿತಿದ್ದಾಗ ನೆನಪಾದವನು ಬಿಜ್ಜಳನಲ್ಲ, ಆ ನಾಟಿಯ ಹುಡುಗ. ಕೋಡಿಮಠದ ಶಾಸನ ವಿದ್ಯಾಸ್ಥಾನವನ್ನು ಅಭಯದ ಸ್ಥಾನವೆಂದಿತು. ನನ್ನ ಬಾಗಿಲಲ್ಲಿ ನಿಂತವನಿಗೆ ನಾನು ಅಭಯ ಕೊಡಲಿಲ್ಲ. ಈಗ ಅಧ್ಯಾಪಕರಾಗಿರುವ ಕಿರಿಯ ಮಿತ್ರರಲ್ಲಿ ನನ್ನದೊಂದೇ ಬಿನ್ನಹ: ನಿಯಮವನ್ನು ಬಿಡಬೇಡಿ, ಪೂರ್ತಿ ಓದಿ.